ಹಾಜರಿಯ ಹಗ್ಗ

ನಾನು ಮಾಡಿದ ತಪ್ಪುಗಳಲ್ಲಿ ಬಹುಪಾಲು ಸರಕಾರಿ ಪುಸ್ತಕಗಳಲ್ಲಿ ನನ್ನದೇ ಚೆಂದದ ಅಕ್ಷರದಲ್ಲಿ ದಾಖಲಾಗಿವೆ. ಅವುಗಳಲ್ಲಿ ಮೊದಲನೆಯದು, ದಿನವೂ ಶಾಲೆಗೆ ಬರುತ್ತಿದ್ದ ಒಬ್ಬಳು ಹುಡುಗಿಗೆ ನಾಲ್ಕು ತಿಂಗಳು ಗೈರುಹಾಜರಿ ಹಾಕಿದ್ದು. ಅವಳೇನು ಹಿಂದಿನ ಸಾಲಿನಲ್ಲಿ ಅಡಗಿ ಕೂರುವವಳಲ್ಲ. ನನ್ನ ಮೇಜಿನಿಂದ ಎರಡು ಮಾರು ದೂರದಲ್ಲಿ, ಬಾಗಿಲ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಕೂತಿರುತ್ತಿದ್ದಳು. ನನ್ನ ಕಣ್ಣೂ ಆಗ ಚೆನ್ನಾಗಿಯೇ ಇತ್ತು, ಕನ್ನಡಕ ಬಂದದ್ದು ಎಷ್ಟೋ ವರ್ಷದ ನಂತರ.

ಅದು ಐವತ್ತರ ದಶಕದ ಕೊನೆಯ ಭಾಗ. ಕಾರ್ಕಳದ ಪಕ್ಕದ ಕುಕ್ಕುಂದೂರಿನವಳಾದ ನಾನು ಟ್ರೈನಿಂಗ್ ಮುಗಿಸಿ, ಕಾಪುವಿನ ಕಡಲ ಬದಿಯ ಒಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದಿದ್ದೆ. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಮೂರು ಭಾಷೆಯಲ್ಲಿ ಜಗಳ ಮಾಡಬಲ್ಲವಳು ಎಂದು ಅಪ್ಪ ನನ್ನನ್ನು ಹೊಗಳುತ್ತಿದ್ದರು, ಅಥವಾ ನಾನು ಅದನ್ನು ಹೊಗಳಿಕೆ ಎಂದು ತಿಳಿದಿದ್ದೆ. ಕೈಯಲ್ಲಿ ಹೊಸ ಸರ್ಟಿಫಿಕೇಟ್ ಇತ್ತು. ಮಗುವಿನ ಮನಸ್ಸಿನ ಬಗ್ಗೆ ನನಗೆ ತಿಳಿಯದ್ದು ಯಾವುದೂ ಉಳಿದಿಲ್ಲ ಎಂಬ ಭಾವನೆ ಅದರ ಜೊತೆಗೆ ಉಚಿತವಾಗಿ ಬಂದಿತ್ತು.

ಶಾಲೆ ಎಂದರೆ ಒಂದು ಉದ್ದದ ಹಾಲ್, ನಡುವೆ ಬಿದಿರಿನ ತಟ್ಟಿ. ತಟ್ಟಿಯ ಈಚೆ ಒಂದು ಮತ್ತು ಎರಡನೇ ಕ್ಲಾಸಿನ ಮಕ್ಕಳು ಮತ್ತು ನಾನು. ಆಚೆ ಉಳಿದ ಕ್ಲಾಸುಗಳು ಮತ್ತು ಹೆಡ್‌ಮಾಸ್ಟ್ರು. ಅವರು ಸ್ಥೂಲಕಾಯದವರು, ಒಳ್ಳೆಯ ಮನಸ್ಸಿನವರು, ಸುತ್ತಲ ಹತ್ತೂರುಗಳಲ್ಲಿ ಹೆಸರಾದ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತಿನಲ್ಲಿ ರಾಮನನ್ನೂ ವಾಲಿಯನ್ನೂ ಕೂರಿಸಿಬಿಡುವ ಕಲೆ ಅದು. ಹಾಗಾಗಿ ಮಾತಿನ ಮೇಲೆ ಅವರಿಗೆ ಅಪಾರ ಗೌರವ. ಮಾತಾಡದ ಮನುಷ್ಯ ಇದ್ದಾನೆ ಎಂಬುದನ್ನೇ ಅವರು ಸುಲಭಕ್ಕೆ ಒಪ್ಪುವವರಲ್ಲ.

ಹಾಜರಿಯ ವಿಷಯದಲ್ಲಿ ಅವರದ್ದೊಂದು ಕಟ್ಟಪ್ಪಣೆ ಇತ್ತು. ಹೆಸರು ಕರೆದಾಗ ಎದ್ದು ನಿಂತು ಬಾಯಿಬಿಟ್ಟು "ಹಾಜರ್" ಎಂದವರಿಗೆ ಮಾತ್ರ ಪುಸ್ತಕದಲ್ಲಿ ಗೀಟು, ಉಳಿದವರಿಗೆ ಸೊನ್ನೆ. ಹಿಂದೆ ಯಾರೋ ಮಕ್ಕಳು ಮೀನಿಗೆ ಹೋದ ಗೆಳೆಯನ ಪರವಾಗಿ ಕೈಯೆತ್ತಿ ಮಾಸ್ಟ್ರಿಗೆ ಮೋಸ ಮಾಡಿದ್ದರಂತೆ. ನಮ್ಮಿಬ್ಬರ ಹಾಜರಿಗೂ ಬೇರೆ ಪುಸ್ತಕವಿತ್ತು. ಅದಕ್ಕೆ ಬಾಯಿ ಬಿಡಬೇಕಾಗಿರಲಿಲ್ಲ, ರುಜು ಹಾಕಿದರೆ ಸಾಕು. ಒಬ್ಬರು ಬಾರದ ದಿನ ಇನ್ನೊಬ್ಬರು ತಟ್ಟಿಯ ಎರಡೂ ಬದಿ ನೋಡಿಕೊಳ್ಳುವುದು, ಬಾರದವರು ಮರುದಿನ ಬಂದು ಹಿಂದಿನ ದಿನದ ರುಜುವನ್ನೂ ಸೇರಿಸಿ ಹಾಕುವುದು, ಇದು ನಾನು ಬರುವ ಮೊದಲೇ ಇದ್ದ ಪದ್ಧತಿ. ಎರಡು ಟೀಚರುಗಳ ಶಾಲೆಗಳಲ್ಲಿ ಇದನ್ನು ಹೊಂದಾಣಿಕೆ ಎನ್ನುತ್ತಿದ್ದರು.

ಆ ಹುಡುಗಿಯನ್ನು ಜೂನ್ ತಿಂಗಳ ಮೊದಲ ವಾರ ಅವಳ ಅಜ್ಜಿ ಕರೆದುಕೊಂಡು ಬಂದಳು. ಅಜ್ಜಿ ಮೀನು ಮಾರುವವಳು. ಬುಟ್ಟಿ ಹೊತ್ತು ಕಾಪು ಪೇಟೆಯಿಂದ ಕಟಪಾಡಿಯವರೆಗೆ ನಡೆಯುವವಳು. ಮಗುವಿಗೆ ಏಳೋ ಎಂಟೋ ವರ್ಷ. ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮನೆಯ ಯಜಮಾನಿಕೆ ಸೋದರಮಾವನದು, ಅವನು ಕಡಲಿಗೆ ಹೋಗುವವನು.

"ಇವಳು ಮಾತಾಡುವುದಿಲ್ಲ ಟೀಚರಮ್ಮ," ಎಂದಳು ಅಜ್ಜಿ. ಮಾತುಕತೆಯೆಲ್ಲ ತುಳುವಿನಲ್ಲೇ ನಡೆದದ್ದು. "ಕರೆದರೆ ತಿರುಗುವುದಿಲ್ಲ. ಆದರೆ ಮಂಡೆಯಲ್ಲಿ ಬುದ್ಧಿ ಉಂಟು. ಕಳೆದ ವರ್ಷ ಬಲೆಯ ತೇಲುವ ಬೆಂಡು ನೋಡುತ್ತಾ ನೋಡುತ್ತಾ ಕುತ್ತಿಗೆಯವರೆಗೆ ಕಡಲಿಗೆ ಇಳಿದುಬಿಟ್ಟಳು. ಅಂದಿನಿಂದ ನಾನು ಮಾರಲಿಕ್ಕೆ ಹೋಗುವಾಗ ಜಗಲಿಯ ಕಂಬಕ್ಕೆ ಕಾಲು ಕಟ್ಟಿ ಹೋಗುವುದು. ಎಂತ ಮಾಡುವುದು? ಇಲ್ಲಿಯಾದರೆ ಗೋಡೆ ಉಂಟಲ್ಲ."

ವಿದ್ಯೆಗಾಗಿ ಅಲ್ಲ, ಗೋಡೆಗಾಗಿ ಶಾಲೆಗೆ ಬಂದ ಮಗು. ನನ್ನ ಸರ್ಟಿಫಿಕೇಟಿಗೆ ಸ್ವಲ್ಪ ಅವಮಾನವಾಯಿತು.

ಈಗ ಇಂಥ ಮಕ್ಕಳ ಸ್ವಭಾವಕ್ಕೆ ಆಟಿಸಂ ಎಂದು ಹೆಸರಿಟ್ಟಿದ್ದಾರೆ, ಮಣಿಪಾಲದಲ್ಲಿ ಅದನ್ನು ಓದಿದವರೇ ಇದ್ದಾರೆ. ಆಗ ನಮ್ಮ ಬಳಿ ಹೆಸರಿಗೇನೂ ಬರವಿರಲಿಲ್ಲ. ನೆರೆಯವರು ಗಾಳಿ ತಾಗಿದ್ದು ಎಂದರು. ಸೋದರಮಾವ ಹಠ ಎಂದ. ಮಾಸ್ಟ್ರು "ಜಡಭರತ" ಎಂದು ಪುರಾಣದಿಂದ ಹುಡುಕಿ ತೆಗೆದರು. ನನ್ನ ಟ್ರೈನಿಂಗ್ ನೋಟ್ಸಿನಲ್ಲಿ ಮಂದಬುದ್ಧಿ ಎಂಬ ಶೀರ್ಷಿಕೆಯ ಕೆಳಗೆ ಒಂದು ಪುಟವಿತ್ತು. ನಾನು ಅದನ್ನು ಓದಿ ನಿಟ್ಟುಸಿರು ಬಿಟ್ಟು, ಹುಡುಗಿಯನ್ನು ಆ ಪುಟದೊಳಗೆ ಕೂರಿಸಿಬಿಟ್ಟೆ.

ಅವಳು ಹಾಜರ್ ಎನ್ನಲಿಲ್ಲ. ನಾನು ಹೆಸರು ಕರೆಯುತ್ತಿದ್ದೆ, ಅವಳು ಲಂಗದ ಅಂಚಿನ ನೂಲು ಹಿರಿದು ಬೆರಳಿಗೆ ಸುತ್ತುತ್ತಿದ್ದಳು, ನಾನು ಸೊನ್ನೆ ಸುತ್ತುತ್ತಿದ್ದೆ. ಮಗ್ಗಿ ಶುರುವಾದರೆ ಕಿವಿ ಮುಚ್ಚಿಕೊಂಡು ನನ್ನ ಮೇಜಿನ ಅಡಿಗೆ ನುಗ್ಗುತ್ತಿದ್ದಳು. ಅವಳನ್ನು ಸರಿಪಡಿಸಲು ನಾನು ಮಾಡಿದ ಪ್ರಯತ್ನಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಪೆಪ್ಪರ್‌ಮಿಂಟ್ ಆಸೆ ತೋರಿಸಿದೆ, ಅವಳು ಪೆಪ್ಪರ್‌ಮಿಂಟ್ ತಿಂದಳು, ಹಾಜರ್ ಎನ್ನಲಿಲ್ಲ. ಗಲ್ಲ ಹಿಡಿದು ನನ್ನ ಮುಖಕ್ಕೆ ತಿರುಗಿಸಿದೆ, ನನ್ನ ಹೆಬ್ಬೆರಳಿಗೆ ಹಲ್ಲಿನ ಗುರುತು ಬಿತ್ತು. ಇಡೀ ಕ್ಲಾಸಿನಿಂದ ಅವಳ ಕಿವಿಯ ಹತ್ತಿರ "ಹಾಜರ್, ಹಾಜರ್" ಎಂದು ಕೂಗಿಸಿದೆ. ಅವಳು ಹೊರಗೋಡಿ ಮಳೆಯಲ್ಲಿ ನಿಂತಳು. ಅಂದಿನ ಪುಸ್ತಕದಲ್ಲೂ ಅವಳಿಗೆ ಸೊನ್ನೆ, ಕೂಗಿದವರಿಗೆಲ್ಲ ಗೀಟು.

ಒಂದು ರಜೆಯ ದಿನ ಅವಳ ಮನೆಗೆ ಹೋದೆ. ನಿಜ ಹೇಳಬೇಕೆಂದರೆ ಅಜ್ಜಿಗೆ ಬುದ್ಧಿ ಹೇಳಲು ಹೋದದ್ದು. ಹುಡುಗಿ ಜಗಲಿಯಲ್ಲಿ ಕೂತಿದ್ದಳು, ಬಲಗಾಲಿನಿಂದ ಕಂಬಕ್ಕೆ ಹಗ್ಗ. ಅಜ್ಜಿ ಆಗ ತಾನೇ ಬುಟ್ಟಿ ಇಳಿಸಿ ಬಿಚ್ಚಲು ಕೂತಿದ್ದಳು, ಬಿಚ್ಚಲು ಬರುತ್ತಿರಲಿಲ್ಲ.

"ನಾನು ಕಟ್ಟಿದ್ದು ಹೀಗಲ್ಲ," ಎಂದಳು. "ನಾನು ಸಾದಾ ಗಂಟು ಹಾಕಿ ಹೋಗುವುದು. ಇವಳು ಅದನ್ನು ಬಿಚ್ಚಿ ಬಲೆಯ ಗಂಟು ಹಾಕಿಕೊಳ್ಳುತ್ತಾಳೆ. ದಿನಾ ಇದೇ ಕತೆ."

ನಾನು ನಗಲು ಹೊರಟು ನಿಲ್ಲಿಸಿದೆ. ಬಿಚ್ಚಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಾಗಿದ್ದ ಮಗು, ಗಂಟು ಸರಿಯಿಲ್ಲವೆಂದು ತನ್ನ ಕಾಲನ್ನು ತಾನೇ ಸರಿಯಾಗಿ ಕಟ್ಟಿಕೊಂಡು ಸಂಜೆಯವರೆಗೆ ಕೂತಿತ್ತು. ಅಂದು ನನಗೆ ಅಳು ಬಂತು. ಅಜ್ಜಿ ಅದನ್ನು ನೋಡಿ, ನನಗೆ ಹೊಟ್ಟೆನೋವೇ ಎಂದು ಕೇಳಿ ಜೀರಿಗೆ ಕಷಾಯ ಮಾಡಿಕೊಟ್ಟಳು.

ಅಲ್ಲಿಂದ ಬಂದವಳೇ, ಕಿವಿ ಕೇಳದಿದ್ದರೆ ಮಾತು ಬರುವುದಿಲ್ಲ ಎಂಬ ಹೊಸ ಸಿದ್ಧಾಂತ ಹಿಡಿದು ಅಜ್ಜಿಯನ್ನೂ ಹುಡುಗಿಯನ್ನೂ ಮಣಿಪಾಲಕ್ಕೆ ಹೊರಡಿಸಿದೆ. ಆಗ ಮಣಿಪಾಲವೆಂದರೆ ಬೋಳುಗುಡ್ಡದ ಮೇಲೆ ಹೊಸ ಕಟ್ಟಡಗಳು, ಅಲ್ಲಿ ಹೊಸ ಡಾಕ್ಟರುಗಳು. ಉಡುಪಿಯಲ್ಲಿ ಬಸ್ಸು ಬದಲಿಸಿ ಹತ್ತಿದೆವು. ದಾರಿಯುದ್ದಕ್ಕೂ ಅಜ್ಜಿಗೆ ವಾಂತಿ, ಹುಡುಗಿಗೆ ಬಸ್ಸಿನ ಕಿಟಕಿಯ ಹಗ್ಗದ ಮೇಲೆ ಕಣ್ಣು.

ಚೀಟಿ ಬರೆಯುವವನು ತಲೆಯೆತ್ತದೆ ಕೇಳಿದ: ಹೆಸರು? ಪ್ರಾಯ? ಉದ್ಯೋಗ? ಬೆಳಿಗ್ಗೆಯಿಂದ ನೂರು ಜನರಿಗೆ ಅದನ್ನೇ ಕೇಳಿ ಅವನ ಬಾಯಿ ತಾನಾಗಿ ತಿರುಗುತ್ತಿತ್ತು. ಏಳೆಂಟು ವರ್ಷದ ಮಗುವಿಗೆ ಎಂಥ ಉದ್ಯೋಗ ಮಾರಾಯ್ರೆ ಎಂದು ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಗಂಭೀರವಾಗಿ ಹೇಳಿದಳು: "ಬಲೆ ಕಟ್ಟುತ್ತಾಳೆ." ಅವನು ಬರೆದುಕೊಂಡ.

ಡಾಕ್ಟರರು ಹುಡುಗಿಯ ಹಿಂದೆ ನಿಂತು ಗಂಟೆ ಅಲ್ಲಾಡಿಸಿದರು, ಕಾಗದ ಹರಿದರು. ಕಿವಿ ನಮಗಿಂತ ಚುರುಕಾಗಿ ಉಂಟು ಎಂದರು. ನಾನು ಅವಳಿಗೆ ಬಾರದ ಸಂಗತಿಗಳ ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಎರಡು ಮಗ್ಗುಲೂ ತುಂಬಿತ್ತು. ಅದನ್ನು ಒಪ್ಪಿಸಿದೆ. ಅವರು ಓದಿ, ಚೀಟಿಯನ್ನೂ ಓದಿ, "ಇದರಲ್ಲಿ ಬಲೆ ಕಟ್ಟುತ್ತಾಳೆ ಎಂದಿದೆಯಲ್ಲ, ನಿಮ್ಮ ಪಟ್ಟಿಯಲ್ಲಿ ಅದಿಲ್ಲವಲ್ಲ?" ಎಂದರು. ನಾನು ಬಾರದ್ದರ ಪಟ್ಟಿ ಅದು ಎಂದೆ. ಅವರು ನಕ್ಕು ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ಹಿಂತಿರುಗುವಾಗ ಚೀಟಿಯನ್ನು ನಾಲ್ಕು ಸಲ ಓದಿದೆ. ಆ ಹುಡುಗಿಯ ಬಗ್ಗೆ ಲೋಕದಲ್ಲಿ ಎರಡು ದಾಖಲೆಗಳಿದ್ದವು. ನಾನು ಬರೆದ ಹಾಜರಿ ಪುಸ್ತಕದಲ್ಲಿ ಅವಳು ಇಲ್ಲವೇ ಇಲ್ಲ. ತಲೆಯೆತ್ತಿ ಅವಳ ಮುಖವನ್ನೂ ನೋಡದವನೊಬ್ಬ ಬರೆದದ್ದರಲ್ಲಿ ಅವಳಿಗೆ ಒಂದು ಕಸುಬಿತ್ತು.

ಮರುದಿನ ಸಂಜೆ ಕಡಲ ಬದಿಯಲ್ಲಿ ಬಲೆ ಇಡುವ ಕೊಟ್ಟಿಗೆಗೆ ಹೋದೆ. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ರಂಪಣಿ ಬಲೆಯನ್ನು ಆಗ ದುರಸ್ತಿ ಮಾಡುತ್ತಾರೆ. ಅದು ದಡದಲ್ಲಿ ನಿಂತು ಊರಿಗೆ ಊರೇ ಎಳೆಯುವ ದೊಡ್ಡ ಬಲೆ, ಒಂದೊಂದು ಮನೆಯವರದ್ದು ಒಂದೊಂದು ತುಂಡು, ಎಲ್ಲ ಸೇರಿಸಿ ಒಂದೇ ಬಲೆ. ಹತ್ತು ಹದಿನೈದು ಮಂದಿಯ ನಡುವೆ ಅವಳು ಬಿದಿರಿನ ಸೂಜಿ ಹಿಡಿದು ಕೂತಿದ್ದಳು. ಹರಿದ ಕಣ್ಣನ್ನು ಉಳಿದವರು ಬೆಳಕಿಗೆ ಹಿಡಿದು ಹುಡುಕಿದರೆ, ಇವಳು ಬಲೆಯನ್ನು ಅಂಗೈಯಲ್ಲಿ ಹಾಯಿಸಿ ನಿಲ್ಲಿಸುತ್ತಿದ್ದಳು. ದೊಡ್ಡವರಿಗಿಂತ ವೇಗವೇನೂ ಇರಲಿಲ್ಲ, ಪವಾಡವೂ ಇರಲಿಲ್ಲ. ಆದರೆ ತಪ್ಪು ಗಂಟನ್ನು ಬಿಟ್ಟು ಮುಂದೆ ಹೋಗುವುದು ಅವಳಿಂದ ಸಾಧ್ಯವಿರಲಿಲ್ಲ, ಅದು ಮಾವನದ್ದಾದರೂ ಸರಿ.

ನಾಚಿಕೆಯಾದದ್ದು ನನಗೆ. ಕೈಕಸುಬಿನ ಮೂಲಕ ವಿದ್ಯೆ ಎಂದು ಟ್ರೈನಿಂಗಿನಲ್ಲಿ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಪಠ್ಯದಲ್ಲಿದ್ದ ಕಸುಬು ತಕಲಿಯಲ್ಲಿ ಹತ್ತಿ ನೂಲುವುದು. ಹಾಗಾಗಿ ಹತ್ತಿಯ ಗಿಡವನ್ನೇ ಕಾಣದ ಊರಿನಲ್ಲಿ, ಹುಟ್ಟಿದಲ್ಲಿಂದ ಬಲೆಯ ನಡುವೆ ಬೆಳೆದ ಮಕ್ಕಳ ಕೈಗೆ ತಕಲಿ ಕೊಟ್ಟು, ಇವುಗಳಿಗೆ ಕೈಚಳಕವಿಲ್ಲ ಎಂದು ಬೈಯುತ್ತಿದ್ದೆ.

ಅವಳ ಪಕ್ಕ ಕೂತು ನನಗೂ ಕಲಿಸು ಎಂದೆ. ಅವಳು ಕಲಿಸಲಿಲ್ಲ, ನಾನು ನೋಡಿ ಕಟ್ಟಿದೆ. ಅವಳು ನನ್ನ ಕೈಯಿಂದ ತೆಗೆದುಕೊಂಡು ನೋಡಿ, ಚಿಕ್ಕ ಕತ್ತಿಯಿಂದ ಕಚಕ್ಕೆಂದು ಕೊಯ್ದು ಹಿಂದಕ್ಕೆ ಕೊಟ್ಟಳು. ಮತ್ತೆ ಕಟ್ಟಿದೆ, ಮತ್ತೆ ಕೊಯ್ದಳು. ಬೈಗುಳವಿಲ್ಲ, ಪೆಪ್ಪರ್‌ಮಿಂಟ್ ಇಲ್ಲ, ಗಲ್ಲ ಹಿಡಿದು ತಿರುಗಿಸುವುದೂ ಇಲ್ಲ. ಎಂಟು ದಿನದ ಮೇಲೆ ಒಂದು ಗಂಟನ್ನು ಕೊಯ್ಯದೆ ಬಿಟ್ಟಳು. ನನ್ನ ಟ್ರೈನಿಂಗ್ ಸರ್ಟಿಫಿಕೇಟ್ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಆಮೇಲೆ ಬಲೆಯ ನೂಲು ಕ್ಲಾಸಿಗೆ ಬಂತು. ಕನ್ನಡದ ಅಕ್ಷರಗಳೆಲ್ಲ ಸುರುಳಿ ಸುರುಳಿ, ನೂಲಿಗೆ ಹೇಳಿ ಮಾಡಿಸಿದಂಥವು. ನಾನು ಹಲಗೆಯ ಮೇಲೆ ಬರೆದದ್ದನ್ನು ಅವಳು ನೆಲದ ಮೇಲೆ ನೂಲಿನಲ್ಲಿ ಬರೆದಳು. ಬಳಪ ಹಿಡಿಯಲು ಒಪ್ಪದ ಕೈ ನವರಾತ್ರಿಗೆ ಮೊದಲೇ ಅ ದಿಂದ ಳ ವರೆಗೆ ಬಂದು ಮುಟ್ಟಿತು. ಲೆಕ್ಕವನ್ನು ಬಲೆಯ ಕಣ್ಣುಗಳಲ್ಲಿ ಮಾಡಿದಳು. ಐದು ಕಣ್ಣಿನ ನಾಲ್ಕು ಸಾಲು ಕಟ್ಟಿ ಇಪ್ಪತ್ತು ಎಂದು ಬೆರಳಿನಲ್ಲಿ ತೋರಿಸಿದಾಗ, ಬಾಯಿಪಾಠದಲ್ಲಿ ಮುಂದಿದ್ದವರು ಕತ್ತು ಚಾಚಿ ನೋಡಿದರು. ಮಗ್ಗಿಯ ಗದ್ದಲದ ಹೊತ್ತಿಗೆ ಅವಳನ್ನು ಕಡಲ ಕಡೆಯ ಜಗಲಿಗೆ ಕಳಿಸುತ್ತಿದ್ದೆ. ಮೇಜಿನ ಅಡಿಗೆ ನುಗ್ಗುವುದು ಅಲ್ಲಿಗೆ ನಿಂತಿತು. ಇಷ್ಟು ಸಣ್ಣ ಕೆಲಸ ಜೂನ್ ತಿಂಗಳಿನಲ್ಲೇ ನನಗೆ ಯಾಕೆ ಹೊಳೆಯಲಿಲ್ಲ ಎಂಬುದಕ್ಕೆ ನನ್ನ ನೋಟ್ಸಿನಲ್ಲಿ ಉತ್ತರವಿಲ್ಲ.

ಮಾಸ್ಟ್ರು ತಟ್ಟಿಯ ಮೇಲಿನಿಂದ ಇಣುಕಿ, "ಟೀಚರೇ, ಇದು ಶಾಲೆಯೋ ಮೀನು ಸೊಸೈಟಿಯೋ?" ಎಂದರು. ಹುಡುಗಿ ಕಲಿಯುತ್ತಿದ್ದಾಳೆ ಎಂದೆ. "ಕಲಿಯಲಿ. ಹಾಜರ್ ಎನ್ನುತ್ತಾಳಾ?"

ಅದೇ ಮುಳ್ಳು. ಸೊನ್ನೆಗಳು ಸಾಲುಗಟ್ಟಿ ನಿಂತಿದ್ದವು. ಸತತ ಗೈರುಹಾಜರಾದ ಮಕ್ಕಳ ಹೆಸರು ತೆಗೆಯಬೇಕೆಂಬ ನಿಯಮವಿತ್ತು, ಸರಾಸರಿ ಹಾಜರಿ ಇಳಿದರೆ ಮೇಲಿನಿಂದ ಪ್ರಶ್ನೆ ಬರುತ್ತಿತ್ತು. ತಾಳಮದ್ದಳೆಗಳ ಗಡಿಬಿಡಿಯಲ್ಲಿ ಮಾಸ್ಟ್ರು ಅದನ್ನು ಇಷ್ಟರವರೆಗೆ ಮುಂದೂಡಿದ್ದರು. ದಸರಾ ರಜೆಗೆ ಮೊದಲು ಕೆಂಪು ಶಾಯಿ ತೆಗೆಯುತ್ತೇನೆ ಎಂದರು. ಹೆಸರು ಹೋದರೆ ಅವಳಿಗೆ ಶಾಲೆ ಇಲ್ಲ. ಮೀನಿನ ಕಾಲ ಶುರುವಾದರೆ ಅಜ್ಜಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬುಟ್ಟಿ ಹೊತ್ತು ಹೊರಗೆ, ಮಾವ ಕಡಲಿನಲ್ಲಿ. ಉಳಿಯುವುದು ಜಗಲಿಯ ಕಂಬ.

ಬಾಯಿಯ ಬದಲು ಕೈಯಿಂದ ಹಾಜರ್ ಹೇಳಲಿ ಎಂದು ನಾನೊಂದು ಉಪಾಯ ಮಾಡಿದೆ. ಬಾಗಿಲ ಬದಿಯ ಮೊಳೆಯಿಂದ ಕಿಟಕಿಯವರೆಗೆ ಒಂದು ತೆಂಗಿನ ಹುರಿಹಗ್ಗ ಕಟ್ಟಿದೆ. ಶಾಲೆಗೆ ಬಂದವರು ನೂಲಿನ ತುಂಡಿನಿಂದ ಅದರ ಮೇಲೊಂದು ಗಂಟು ಹಾಕುವುದು ಎಂದು ತೋರಿಸಲು ಒಂದು ಕಟ್ಟಿದೆ. ಅವಳು ಅದನ್ನು ಕೊಯ್ದು ತೆಗೆದು ತನ್ನದನ್ನು ಕಟ್ಟಿದಳು. ನನಗೆ ಅಷ್ಟೇ ಸಾಕಾಯಿತು. ದಿನವೂ ಬಂದೊಡನೆ ಹಗ್ಗದ ಹತ್ತಿರ ಅವಳ ಕೈ ಆಡುತ್ತಿತ್ತು. ಒಮ್ಮೊಮ್ಮೆ ಒಂದಕ್ಕಿಂತ ಹೆಚ್ಚು ಕಟ್ಟುವುದನ್ನು ಕಂಡೆ, ಕೈಚಪಲ ಎಂದುಕೊಂಡು ಸುಮ್ಮನಾದೆ. ಮಾಸ್ಟ್ರು ಮಾತ್ರ ಒಪ್ಪಲಿಲ್ಲ. "ಹಗ್ಗಕ್ಕೆ ನಾಲಿಗೆ ಉಂಟಾ ಟೀಚರೇ?" ಎಂದರು. ನಾನು ಪುಸ್ತಕದಲ್ಲಿ ಸೊನ್ನೆ ಹಾಕುತ್ತಲೇ ಇದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ನನಗೆ ಹೆದರಿಕೆಯಿತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಬಳಿ ಇಲ್ಲ.

ರಜೆಯ ಹಿಂದಿನ ದಿನ ಮಕ್ಕಳು ಹೋದ ಮೇಲೆ ಮಾಸ್ಟ್ರು ಹಾಜರಿ ಪುಸ್ತಕ ಬಿಡಿಸಿ ಕೆಂಪು ಶಾಯಿಯ ಮುಚ್ಚಳ ತೆಗೆದರು. ನಾನು ಹಗ್ಗವನ್ನು ಮೊಳೆಯಿಂದ ಬಿಚ್ಚಿ ತಂದು ಮೇಜಿನ ಮೇಲೆ ಹಾಸಿದೆ.

"ಅವಳು ಒಂದು ದಿನವೂ ತಪ್ಪಿಸಿಲ್ಲ ಮಾಸ್ಟ್ರೇ. ನೀವೇ ಎಣಿಸಿ."

ಅವರಿಗೆ ತಮಾಷೆಯೆನಿಸಿತು. ಎಣಿಸತೊಡಗಿದರು. ಎಣಿಸುತ್ತಾ ಹುಬ್ಬು ಮೇಲೇರಿತು. "ಟೀಚರೇ, ಇಲ್ಲಿ ದಿನಕ್ಕೆ ಮೂರು ಗಂಟು ಉಂಟು. ಒಂದು ಚಿಕ್ಕದು, ಒಂದು ಜೋಡಿ ಗಂಟು, ಒಂದು ಇಷ್ಟು ದಪ್ಪದ್ದು. ಮತ್ತೆ ಬೆರಳಗಲ ಜಾಗ. ಮತ್ತೆ ಮೂರು. ನಿಮ್ಮ ಶಿಷ್ಯೆ ದಿನಕ್ಕೆ ಮೂರು ಸಲ ಶಾಲೆಗೆ ಬರುತ್ತಾಳಾ?" ಎಂದು ಗಹಗಹಿಸಿದರು. ಅಂಥ ನಗುವಿಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು.

ನನ್ನ ಮುಖ ಸಪ್ಪಗಾಯಿತು. ಬಾಗಿ ನೋಡಿದೆ. ಮೂರು, ಮೂರು, ಮೂರು. ಒಂದು ಕಡೆ ಎರಡೇ ಇತ್ತು. ದಪ್ಪ ಗಂಟು ಇರಬೇಕಾದಲ್ಲಿ ಗಂಟಿನಷ್ಟೇ ಅಗಲದ ಖಾಲಿ ಜಾಗ. ನಾಲ್ಕು ದಿನ ಬಿಟ್ಟು ಮತ್ತೆ ಹಾಗೆಯೇ. ಇನ್ನೊಂದು ಕಡೆ ಸಾಲಾಗಿ ಎರಡು ದಿನ ನಡುವಿನ ಜೋಡಿ ಗಂಟು ಇರಲಿಲ್ಲ. ಇವತ್ತಿನಿಂದ ಹಿಂದಕ್ಕೆ ಎಣಿಸಿದೆ. ಆ ಎರಡು ದಿನ ಯಾವುವೆಂದು ತಿಳಿದಾಗ ನನ್ನ ಕಿವಿ ಬಿಸಿಯಾಯಿತು. ತೆನೆ ಹಬ್ಬಕ್ಕೆಂದು ಕುಕ್ಕುಂದೂರಿಗೆ ಹೋದವಳು ಹಬ್ಬದ ರಜೆ ಮುಗಿದ ಮೇಲೂ ಎರಡು ದಿನ ಅಮ್ಮನ ಕೈಯಡುಗೆ ತಿಂದು ಕೂತಿದ್ದೆ. ಬಂದ ದಿನ ಎರಡೂ ರುಜು ಹಾಕಿದ್ದೆ.

"ಚಿಕ್ಕದು ಅವಳು, ಜೋಡಿ ಗಂಟು ನಾನು," ಎಂದೆ.

ಮಾಸ್ಟ್ರ ನಗು ಇಳಿಯಿತು. ದಪ್ಪ ಗಂಟನ್ನು ನೋಡಿದರು, ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಖಾಲಿ ಜಾಗದ ಮೇಲೆ ಬೆರಳಿಟ್ಟು ಅವರೂ ಹಿಂದಕ್ಕೆ ಎಣಿಸಿದರು. ಕಟಪಾಡಿಯ ತಾಳಮದ್ದಳೆಯ ಮರುದಿನ. ಉಡುಪಿಯದ್ದರ ಮರುದಿನ. ಕಾರ್ಕಳದ್ದರ ಮರುದಿನ, ಅದರ ಮರುದಿನವೂ. ಅಧ್ಯಾಪಕರ ಪುಸ್ತಕದಲ್ಲಿ ಅಷ್ಟೂ ದಿನ ಅವರ ದುಂಡನೆಯ ರುಜು ಇತ್ತು. ಇಬ್ಬರು ದೊಡ್ಡವರು ಬಾರದೆ ಹಾಜರಾಗಿದ್ದೆವು, ಬಂದ ಮಗು ಗೈರುಹಾಜರಾಗಿತ್ತು. ಇಡೀ ಶಾಲೆಯಲ್ಲಿ ಸರಿಯಾಗಿ ಬರೆದ ಹಾಜರಿ ಪುಸ್ತಕ ಆ ಹಗ್ಗ ಒಂದೇ. ನಾವು ಯಾರೂ ಅದನ್ನು ಬರೆಯಲು ಅವಳಿಗೆ ಹೇಳಿರಲಿಲ್ಲ. ಬಂದವರಿಗೆ ಗಂಟು ಎಂದು ತೋರಿಸಿದ್ದೆ, ಅವಳು ಅದನ್ನು ಅಕ್ಷರಶಃ ನಂಬಿದ್ದಳು.

ವಾಲಿಯ ಪಾತ್ರದಲ್ಲಿ ರಾಮನನ್ನೇ ನಿರುತ್ತರನನ್ನಾಗಿ ಮಾಡುತ್ತಿದ್ದ ಮಾಸ್ಟ್ರು ಹಗ್ಗವನ್ನು ಇನ್ನೊಮ್ಮೆ ಮೊದಲಿನಿಂದ ಎಣಿಸಿದರು. ಕೊನೆಗೆ ಕೆಂಪು ಶಾಯಿಯ ಮುಚ್ಚಳ ಹಾಕಿದರು. ನೀಲಿ ಶಾಯಿಯಲ್ಲಿ ಅದ್ದಿ, ಆ ದಿನ ನಾನು ಸೊನ್ನೆ ಹಾಕದೆ ಬಿಟ್ಟಿದ್ದ ಚೌಕದಲ್ಲಿ ಒಂದು ಗೀಟು ಎಳೆದರು.

"ಹಿಂದಿನದ್ದನ್ನು ತಿದ್ದುವುದು ಬೇಡ. ತಿದ್ದಿದರೆ ವಿವರಣೆ ಬರೆಯಬೇಕು," ಎಂದರು. "ಇನ್ನು ಮುಂದೆ ಅವಳಿಗೆ ಹಗ್ಗವೇ ಹಾಜರಿ. ಮತ್ತೆ ಟೀಚರೇ, ಇನ್ಸ್‌ಪೆಕ್ಟರು ಬರುವ ದಿನ ಇದನ್ನು ಸ್ವಲ್ಪ ಒಳಗೆ ಇಡುವುದು ಒಳ್ಳೆಯದು, ಅಲ್ವಾ?"

ರಜೆ ಮುಗಿದ ಮೇಲೆ ಶಾಲೆಯ ಶಿಸ್ತು ಸುಧಾರಿಸಿತು. ಮಕ್ಕಳದ್ದಲ್ಲ, ನಮ್ಮದು. ತಾಳಮದ್ದಳೆಯ ಮರುದಿನವೂ ಮಾಸ್ಟ್ರು ಕೆಂಪು ಕಣ್ಣಿನಲ್ಲಿ ಬಂದು, ತಟ್ಟಿಯ ಆಚೆಗೆ ಹೋಗುವ ಮೊದಲು ಹಗ್ಗದೆದುರು ನಿಲ್ಲುತ್ತಿದ್ದರು. ಅವಳು ಅವರ ಮುಖ ನೋಡುತ್ತಿರಲಿಲ್ಲ. ನೂಲು ತೆಗೆದು ದಪ್ಪ ಗಂಟು ಬಿಗಿದು ಮುಗಿಸಿದ ಮೇಲೆಯೇ ಅವರು ಒಳಗೆ ಹೋಗಿ ಗೋಡೆಗೊರಗಿ ತೂಕಡಿಸುತ್ತಿದ್ದರು. ಹಾಜರಿ ಬೇರೆ, ಎಚ್ಚರ ಬೇರೆ. ಹಗ್ಗದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಅವಳ ಹೆಸರು ಪುಸ್ತಕದಲ್ಲಿ ಉಳಿಯಿತು. ಸೋದರಮಾವ ಒಂದು ದಿನ ಬಂದು, ಅವಳು ನೆಲದ ಮೇಲೆ ನೂಲಿನಲ್ಲಿ ತನ್ನ ಹೆಸರು ಬರೆದದ್ದನ್ನು ನೋಡಿ, ಮಾವನ ಹೆಸರೂ ಹಾಗೆ ಬರೆಯುತ್ತಾಳಾ ಎಂದು ಕೇಳಿದ. ಬರೆದಳು. ಅವನಿಗೆ ಓದಲು ಬರುತ್ತಿರಲಿಲ್ಲ, ನಾನು ಓದಿ ಹೇಳಿದೆ. ಜಗಲಿಯ ಕಂಬದ ಹಗ್ಗವನ್ನು ಅಜ್ಜಿ ಬಾವಿಯ ಕೊಡಕ್ಕೆ ಕಟ್ಟಿದಳು. ಹುಡುಗಿ ಕೊನೆಗೂ ಮಾತಾಡಿದಳಾ ಎಂದು ಈಗಿನವರು ಕೇಳುತ್ತಾರೆ. ಇಲ್ಲ, ಮಾತಾಡಲಿಲ್ಲ. ಮಾತಾಡಿದ್ದರೆ ಈ ಕತೆ ಹೇಳಲು ನನಗೂ ಸುಲಭವಾಗುತ್ತಿತ್ತು.

ಎರಡು ವರ್ಷ ಕಳೆದು ಅರವತ್ತರ ಹೊತ್ತಿಗೆ ನನಗೆ ಕಾರ್ಕಳದ ಕಡೆಗೆ ವರ್ಗವಾಯಿತು. ಹೊರಡುವ ದಿನ ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಹೇಳದೆಯೇ ಹೊರಟೆ. ಹೇಳಿದರೂ ಅವಳಿಗೆ ತಿಳಿಯುವುದಿಲ್ಲ ಎಂದು ನನ್ನನ್ನೇ ಸಮಾಧಾನಪಡಿಸಿಕೊಂಡೆ. ಅಷ್ಟೆಲ್ಲ ಆದ ಮೇಲೂ ನನ್ನ ಬುದ್ಧಿ ಅಷ್ಟೇ.

ಏಳೆಂಟು ತಿಂಗಳ ಬಳಿಕ ಒಂದು ಶನಿವಾರ ರಜೆ ಹಾಕಿ ಉಡುಪಿಗೆ ಬಂದವಳು, ಯಾವುದೋ ಕೆಲಸಕ್ಕೆ ಕಟಪಾಡಿಯಲ್ಲಿ ಇಳಿದೆ. ಬಸ್ಸು ನಿಲ್ಲುವಲ್ಲಿ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಎಂತ ಟೀಚರಮ್ಮ, ನಮ್ಮ ನೆನಪು ಉಂಟಾ?" ಎಂದಳು. "ಹಗ್ಗ ಒಮ್ಮೆ ನೋಡಿ ಹೋಗಿ. ಹೊಸ ಟೀಚರಿಗೆ ಅದು ಅರ್ಥ ಆಗುವುದಿಲ್ಲವಂತೆ."

ಕೆಲಸ ಬಿಟ್ಟು ಕಾಪುವಿಗೆ ಹೋದೆ. ಶನಿವಾರದ ಅರ್ಧ ದಿನದ ಶಾಲೆ ಇನ್ನೂ ಬಿಟ್ಟಿರಲಿಲ್ಲ. ಹಳೆಯ ಹಗ್ಗಗಳು ಮೂಲೆಯಲ್ಲಿ ಸುರುಳಿಯಾಗಿ ತೂಗುತ್ತಿದ್ದವು, ಮೊಳೆಯಲ್ಲಿ ಹೊಸದೊಂದಿತ್ತು. ಹೊಸ ಟೀಚರು ಬಾಗಿಲಿಗೆ ಬಂದು, ಈ ಹುಡುಗಿ ದಿನಾ ನಡುವೆ ಒಂದು ಗಂಟಿನಷ್ಟು ಜಾಗ ಬಿಡುತ್ತಾಳೆ, ಎಷ್ಟು ಹೇಳಿದರೂ ಬಿಡುತ್ತಾಳೆ, ಎಂದರು. ನೋಡಿದೆ. ಒಂದು ಚಿಕ್ಕ ಗಂಟು, ಆಮೇಲೆ ಖಾಲಿ, ಆಮೇಲೆ ಮಾಸ್ಟ್ರ ದಪ್ಪ ಗಂಟು, ಕೊನೆಗೆ ಹೊಸ ಟೀಚರಿಗೆ ಹೊಸ ಬಗೆಯದ್ದೊಂದು. ಮತ್ತೆ ಚಿಕ್ಕದು, ಮತ್ತೆ ಖಾಲಿ. ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ಹಾಗೆಯೇ. ನಾನು ಹೋದದ್ದನ್ನು ಅವಳು ಒಂದು ದಿನವೂ ಬಿಡದೆ ದಾಖಲಿಸಿದ್ದಳು. ನನ್ನ ಹೆಸರು ತೆಗೆದಿರಲಿಲ್ಲ.

ಅವಳು ಬಾಗಿಲ ಬದಿಯಿಂದ ಎದ್ದು ಬಂದಳು. ನನ್ನ ಮುಖ ನೋಡಲಿಲ್ಲ, ಚಪ್ಪಲಿ ನೋಡಿದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಲಂಗದ ಮಡಿಕೆಯಿಂದ ನೂಲು ತೆಗೆದು, ಆ ದಿನದ ಖಾಲಿ ಜಾಗದಲ್ಲಿ ಒಂದು ಜೋಡಿ ಗಂಟು ಬಿಗಿದಳು. ನಾನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೂ ಅವಳು ನನಗೆ ಹಾಜರಿ ಹಾಕಿದಳು.